ಕಾಲುಸಂಕ ಯಾರು ಕಟ್ಟಿಸಬೇಕು? ಮಕ್ಕಳಿಗೆ ಪ್ರಜಾಪ್ರಭುತ್ವದ ಮೊದಲ ಪಾಠ

ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯ ಒಳಭಾಗದ ಅನೇಕ ಮನೆಗಳಲ್ಲಿ ತಾಯಂದಿರಿಗೆ ಒಂದು ಆತಂಕ ಆರಂಭವಾಗುತ್ತದೆ. ಮಕ್ಕಳು ಶಾಲೆಗೆ ಹೋಗಬೇಕಾದರೆ ತೋಡು ದಾಟಬೇಕು. ತೋಡಿಗೆ ಅಡ್ಡವಾಗಿ ಎರಡೋ ಮೂರೋ ಅಡಿಕೆ ಮರಗಳನ್ನು ಹಾಸಿ, ಹಿಡಿದುಕೊಳ್ಳಲು ಒಂದು ಬಿದಿರು ಅಥವಾ ಹಗ್ಗ ಕಟ್ಟಿದ ಕಾಲುಸಂಕವೇ ದಾರಿ. ಬೈಂದೂರು, ಕುಂದಾಪುರ, ಬೆಳ್ತಂಗಡಿ, ಸುಳ್ಯ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2022ರ ಮಳೆಗಾಲದಲ್ಲಿ ಬೈಂದೂರು ಭಾಗದಲ್ಲಿ ಶಾಲೆಯಿಂದ ಮರಳುತ್ತಿದ್ದ ಮಗುವೊಂದು ಕಾಲುಸಂಕದಿಂದ ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ, ಮರುಗಿದ್ದೇವೆ, ಅನಂತರ ಮರೆತಿದ್ದೇವೆ.

ಬೇಸಿಗೆ ರಜೆಯಲ್ಲಿ ಎಂಟು ಮತ್ತು ಒಂಭತ್ತನೇ ತರಗತಿಯ ಮಕ್ಕಳಿಗೆ ನಾಗರಿಕ ಪ್ರಜ್ಞೆಯ ಬಗ್ಗೆ ತಿಳಿಸಿಕೊಡಲು ನಾವು ಒಂದು ಊರಿಗೆ ಹೋಗಿದ್ದೆವು. ಕಪ್ಪುಹಲಗೆಯ ಮೇಲೆ ಸಂಸತ್ತು, ವಿಧಾನಮಂಡಲ, ಜಿಲ್ಲಾ ಪಂಚಾಯತ್ ಎಂದು ಚೌಕ ಚೌಕವಾಗಿ ಚಿತ್ರ ಬರೆದು ವಿವರಿಸಿದೆವು. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು. ಕೊನೆಗೆ ಪ್ರಶ್ನೆ ಇದೆಯೇ ಎಂದು ಕೇಳಿದಾಗ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತು, "ಸರ್, ನಮ್ಮ ತೋಡಿನ ಸಂಕ ಯಾರು ಕಟ್ಟಿಸಬೇಕು?" ಎಂದು ಕೇಳಿದಳು. ಉಳಿದ ಮಕ್ಕಳನ್ನೇ ಉತ್ತರ ಕೇಳಿದೆವು. ಒಬ್ಬ "ಎಂಎಲ್ಎ" ಎಂದ. ಇನ್ನೊಬ್ಬ "ಪ್ರಧಾನಮಂತ್ರಿ" ಎಂದ. ಮತ್ತೊಬ್ಬ "ನಮ್ಮ ಅಪ್ಪ ಪ್ರತಿ ವರ್ಷ ಕಟ್ಟುತ್ತಾರೆ" ಎಂದ. ಗ್ರಾಮ ಪಂಚಾಯತ್ ಎಂದು ಒಬ್ಬರೂ ಹೇಳಲಿಲ್ಲ. ಅರ್ಧ ಗಂಟೆ ಮೊದಲಷ್ಟೇ ಅವರು ಅದರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದರು!

ತಪ್ಪು ಮಕ್ಕಳದ್ದಲ್ಲ, ಪಾಠ ಮಾಡಿದ ನಮ್ಮದು. ಪ್ರಜಾಪ್ರಭುತ್ವವನ್ನು ನಾವು ದೆಹಲಿಯಿಂದ ಆರಂಭಿಸಿ ಕೆಳಗೆ ಇಳಿಸುತ್ತೇವೆ. ಮಗುವಿನ ಮನೆಯಂಗಳ ತಲಪುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಆ ಹುಡುಗಿಯ ಪ್ರಶ್ನೆಯಿಂದಲೇ ಆರಂಭಿಸಿ ಮೇಲಕ್ಕೆ ಹೋಗೋಣ. ಹೆತ್ತವರು, ಶಿಕ್ಷಕರು, ಧರ್ಮಕೇಂದ್ರಗಳಲ್ಲಿ ಮಕ್ಕಳ ಹಾಗೂ ಯುವಜನರ ಹೊಣೆ ಹೊತ್ತವರು ಇದನ್ನು ಮಕ್ಕಳಿಗೆ ಓದಿ ಹೇಳಬಹುದು.

ಪ್ರಜೆಯೇ ಪ್ರಭು

ಪ್ರಜೆ ಎಂಬ ಮಾತು ರಾಜರ ಕಾಲದ್ದು. ರಾಜನ ಆಳ್ವಿಕೆಗೆ ಒಳಪಟ್ಟವನು ಪ್ರಜೆ. ರಾಜ ಒಳ್ಳೆಯವನಾಗಿದ್ದರೆ ಸಂಕ ಕಟ್ಟಿಸುತ್ತಾನೆ, ಇಲ್ಲದಿದ್ದರೆ ಇಲ್ಲ. ಪ್ರಜೆ ಬೇಡಬಹುದು, ಕೇಳುವ ಹಕ್ಕಿಲ್ಲ. ಪ್ರಜಾಪ್ರಭುತ್ವದಲ್ಲಿ ಈ ಸಂಬಂಧ ತಲೆಕೆಳಗಾಯಿತು. ಇಲ್ಲಿ ಪ್ರಜೆಯೇ ಪ್ರಭು. ಆಳುವವರು ಪ್ರಜೆಯ ಹಣದಿಂದ, ಪ್ರಜೆಯ ಮತದಿಂದ, ಒಂದು ಅವಧಿಗೆ ಮಾತ್ರ ಕೆಲಸಕ್ಕೆ ನೇಮಕಗೊಂಡವರು. ಅವರನ್ನು ಲೆಕ್ಕ ಕೇಳುವುದು ಉದ್ಧಟತನವಲ್ಲ, ಅದು ನಮ್ಮ ಕೆಲಸ.

ನಮ್ಮ ಸಂವಿಧಾನವನ್ನು 1949ರ ನವೆಂಬರ್ 26ರಂದು ಅಂಗೀಕರಿಸಲಾಯಿತು, 1950ರ ಜನವರಿ 26ರಂದು ಅದು ಪೂರ್ಣವಾಗಿ ಜಾರಿಗೆ ಬಂತು. ಓದು ಬರಹ ಬಾರದವರು ಬಹುಸಂಖ್ಯಾತರಾಗಿದ್ದ ದೇಶದಲ್ಲಿ, ಆಸ್ತಿ, ಜಾತಿ, ಲಿಂಗ, ವಿದ್ಯೆ ಯಾವುದನ್ನೂ ನೋಡದೆ ಎಲ್ಲ ವಯಸ್ಕರಿಗೂ ಒಂದೇ ಬಾರಿಗೆ ಮತದಾನದ ಹಕ್ಕು ಕೊಟ್ಟದ್ದು ಆ ಸಂವಿಧಾನದ ದೊಡ್ಡ ಧೈರ್ಯ. 1951-52ರ ಮೊದಲ ಮಹಾಚುನಾವಣೆಯಲ್ಲಿ ನಮ್ಮ ಹಿರಿಯರೂ ಮತ ಹಾಕಿದರು. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಹಾಗಾಗಿ ಅವರು ಆರಿಸಿದ ಶಾಸಕರು ಕುಳಿತದ್ದು ಬೆಂಗಳೂರಿನಲ್ಲಲ್ಲ, ಮದ್ರಾಸಿನಲ್ಲಿ. 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿನೊಂದಿಗೆ ಒಂದಾದೆವು.

ಮತದಾನದ ವಯಸ್ಸು ಮೊದಲು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿಯ ಮೂಲಕ 1989ರಲ್ಲಿ ಅದು 18ಕ್ಕೆ ಇಳಿಯಿತು. ಹದಿನೆಂಟು ತುಂಬುವವರೆಗೆ ಮಗು ನಾಗರಿಕನಲ್ಲವೇ ಎಂದು ಕೆಲವರು ಕೇಳುತ್ತಾರೆ. ಮಗು ಹುಟ್ಟಿನಿಂದಲೇ ನಾಗರಿಕ. ಮತ ಹಾಕುವ ಅಧಿಕಾರ ಮಾತ್ರ ಹದಿನೆಂಟರ ನಂತರ ಬರುತ್ತದೆ. ಈ ಎರಡನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳುವುದು ಅವಶ್ಯ.

ನಾಗರಿಕ ಯಾರು?

ಯಾರು ಭಾರತದ ನಾಗರಿಕರು ಎಂಬುದನ್ನು ಸಂವಿಧಾನದ 5ರಿಂದ 11ರವರೆಗಿನ ವಿಧಿಗಳು ಮತ್ತು 1955ರ ಪೌರತ್ವ ಕಾಯ್ದೆ ತಿಳಿಸುತ್ತವೆ. 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಹುಟ್ಟಿನಿಂದಲೇ ನಾಗರಿಕರು. ಆ ದಿನದಿಂದ ಮುಂದಕ್ಕೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯ ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ನಿಯಮ ಇನ್ನಷ್ಟು ಬಿಗಿಯಾಯಿತು. ಇಬ್ಬರೂ ನಾಗರಿಕರಾಗಿರಬೇಕು, ಅಥವಾ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ನಮ್ಮ ಕರಾವಳಿಯಲ್ಲಿ ಗಲ್ಫ್ ದೇಶಗಳಲ್ಲಿ ದುಡಿಯುವವರಿಲ್ಲದ ಕುಟುಂಬಗಳು ಕಡಿಮೆ. ಆದ್ದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕು. ವಿದೇಶದಲ್ಲಿ ಹುಟ್ಟಿದ ಮಗುವಿಗೆ ಹೆತ್ತವರ ಮೂಲಕ ಭಾರತದ ಪೌರತ್ವ ಸಿಗುತ್ತದೆ ನಿಜ, ಆದರೆ 2004ರ ಡಿಸೆಂಬರ್ 3ರ ನಂತರ ಹುಟ್ಟಿದ ಮಕ್ಕಳ ಜನನವನ್ನು ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಇನ್ನು, ಬೇರೆ ದೇಶದ ಪೌರತ್ವವನ್ನು ಸ್ವಂತ ಇಚ್ಛೆಯಿಂದ ಪಡೆದವರ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಅಂಥವರಿಗೆ ಸಿಗುವ ಓಸಿಐ ಕಾರ್ಡು ಬಂದು ಹೋಗಲು, ಇಲ್ಲಿ ನೆಲೆಸಲು ಅನುಕೂಲ ಮಾಡಿಕೊಡುತ್ತದೆಯೇ ಹೊರತು ಮತದಾನದ ಹಕ್ಕನ್ನು ಕೊಡುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ವಿದೇಶದಲ್ಲಿ ಇರುವವರ ಮಾತು ಬೇರೆ. 2011ರಿಂದ ಅವರು ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲಿ ಸಾಗರೋತ್ತರ ಮತದಾರರಾಗಿ ಹೆಸರು ಸೇರಿಸಲು ಅವಕಾಶವಾಯಿತು. ಆದರೆ ಮತ ಹಾಕಲು ಆ ದಿನ ಊರಿನ ಮತಗಟ್ಟೆಗೆ ಬರಬೇಕೆಂಬುದು ನಿಯಮ.

ಮಕ್ಕಳಿಗೆ ತಿಳಿಸಬೇಕಾದ ಇನ್ನೊಂದು ಮಾತು. ಕೆಲವು ಹಕ್ಕುಗಳು ನಾಗರಿಕರಿಗೆ ಮಾತ್ರ ಸಲ್ಲುತ್ತವೆ. ಮಾತನಾಡುವ, ಶಾಂತಿಯಿಂದ ಸಭೆ ಸೇರುವ, ಸಂಘ ಕಟ್ಟುವ ಸ್ವಾತಂತ್ರ್ಯ ಇವುಗಳಲ್ಲಿ ಸೇರಿವೆ. ಇನ್ನು ಕೆಲವು ಹಕ್ಕುಗಳು ಈ ನೆಲದ ಮೇಲಿರುವ ಪ್ರತಿಯೊಬ್ಬ ಮನುಷ್ಯನಿಗೂ ಸಲ್ಲುತ್ತವೆ. ಕಾನೂನಿನ ಮುಂದೆ ಸಮಾನತೆ ಹಾಗೂ ಜೀವಿಸುವ ಹಕ್ಕು ಅಂಥವು. ಹೊರ ದೇಶದಿಂದ ಬಂದವನಿಗೂ ಕಾಲುಸಂಕದಿಂದ ಬೀಳದೆ ದಾಟುವ ಹಕ್ಕಿದೆ ಎಂದು ಹೇಳಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಹಳ್ಳಿಗೆ ಅಧಿಕಾರ ಬಂದದ್ದು ಹೇಗೆ?

ಗ್ರಾಮ ಪಂಚಾಯತ್‌ಗಳನ್ನು ರಚಿಸಿ ಅವುಗಳಿಗೆ ಅಧಿಕಾರ ಕೊಡಬೇಕೆಂದು ಸಂವಿಧಾನದ 40ನೇ ವಿಧಿಯಲ್ಲೇ ಹೇಳಲಾಗಿತ್ತು. ಆದರೆ ಅದು ನಿರ್ದೇಶಕ ತತ್ವವಾಗಿತ್ತೇ ಹೊರತು ಕಡ್ಡಾಯವಾಗಿರಲಿಲ್ಲ. 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿಯು ಮೂರು ಹಂತದ ಪಂಚಾಯತ್ ವ್ಯವಸ್ಥೆಯನ್ನು ಶಿಫಾರಸು ಮಾಡಿತು. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರ್‌ನಲ್ಲಿ ಪಂಡಿತ್ ನೆಹರೂ ಅದಕ್ಕೆ ಚಾಲನೆ ನೀಡಿದರು. ಆದರೂ ಅನೇಕ ರಾಜ್ಯಗಳಲ್ಲಿ ಚುನಾವಣೆಗಳು ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಿದ್ದವು.

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿತು ಎನ್ನಬಹುದು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು 1983ರ ಕಾಯ್ದೆಯನ್ನು ರೂಪಿಸಿದರು. ಬರಗಾಲದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ ಜನರಿಂದ 'ನೀರ್ ಸಾಬ್' ಎಂದು ಕರೆಸಿಕೊಂಡವರು ಇವರೇ. ಆ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತ್‌ಗಳಿಗೆ ಚುನಾವಣೆ ನಡೆದು, ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾದವು.

ಅನಂತರ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಪಂಚಾಯತ್‌ಗಳು ಸಂವಿಧಾನದ ಭಾಗವಾದವು. ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗ ಮೀಸಲಾತಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಸ್ಥಾನ, ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗ, ಇವೆಲ್ಲ ಕಡ್ಡಾಯವಾದವು. ಪಟ್ಟಣಗಳಿಗಾಗಿ 74ನೇ ತಿದ್ದುಪಡಿ ಅದೇ ವರ್ಷ ಜೂನ್ 1ರಂದು ಬಂತು. ಕರ್ನಾಟಕವು 1993ರಲ್ಲೇ ತನ್ನ ಪಂಚಾಯತ್ ರಾಜ್ ಕಾಯ್ದೆಯನ್ನು ಮಾಡಿತು. 2010ರಲ್ಲಿ ಮಹಿಳೆಯರ ಮೀಸಲಾತಿಯನ್ನು ಅರ್ಧಕ್ಕೆ ಏರಿಸಿತು. ಗ್ರಾಮ ಪಂಚಾಯತ್ ಸಭೆಯಲ್ಲಿ ನಮ್ಮ ಅಕ್ಕ ತಂಗಿಯರು, ಅತ್ತೆ ಚಿಕ್ಕಮ್ಮಂದಿರು ಕುರ್ಚಿಯಲ್ಲಿ ಕುಳಿತಿರುವುದರ ಹಿಂದೆ ಇಷ್ಟು ದೀರ್ಘ ಇತಿಹಾಸವಿದೆ.

ಗ್ರಾಮ ಪಂಚಾಯತ್‌ನ ಒಳಗೆ

ನಮ್ಮ ರಾಜ್ಯದ ಗ್ರಾಮೀಣ ಪ್ರದೇಶದಲ್ಲಿ ಗ್ರಾಮ ಪಂಚಾಯತ್, ತಾಲೂಕು ಪಂಚಾಯತ್, ಜಿಲ್ಲಾ ಪಂಚಾಯತ್ ಎಂದು ಮೂರು ಹಂತಗಳು. ಪಟ್ಟಣಗಳಲ್ಲಿ ಜನಸಂಖ್ಯೆಗೆ ಅನುಗುಣವಾಗಿ ಪಟ್ಟಣ ಪಂಚಾಯತ್, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳಿವೆ. ಸಾಲಿಗ್ರಾಮದಲ್ಲಿ ಪಟ್ಟಣ ಪಂಚಾಯತ್, ಕುಂದಾಪುರದಲ್ಲಿ ಪುರಸಭೆ, ಉಡುಪಿಯಲ್ಲಿ ನಗರಸಭೆ, ಮಂಗಳೂರಿನಲ್ಲಿ ಮಹಾನಗರ ಪಾಲಿಕೆ ಎಂದರೆ ನೆನಪಿಡಲು ಸುಲಭ.

ಗ್ರಾಮ ಪಂಚಾಯತ್‌ನಲ್ಲಿ ಪ್ರತಿ 400 ಜನಸಂಖ್ಯೆಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯರು. 6,000 ಜನರಿರುವ ಪಂಚಾಯತ್ ಆದರೆ 15 ಸದಸ್ಯರು ಎಂದು ಮಕ್ಕಳೇ ಲೆಕ್ಕ ಹಾಕಬಲ್ಲರು. ಒಂದು ವಾರ್ಡಿನಿಂದ ಒಬ್ಬರಿಗಿಂತ ಹೆಚ್ಚು ಸದಸ್ಯರು ಆಯ್ಕೆಯಾಗುವುದುಂಟು. ಈ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. 21 ವರ್ಷ ತುಂಬಿದ ಮತದಾರರು ಸ್ಪರ್ಧಿಸಬಹುದು. ಅಧ್ಯಕ್ಷರನ್ನು ಮತ್ತು ಉಪಾಧ್ಯಕ್ಷರನ್ನು ಆಯ್ಕೆಯಾದ ಸದಸ್ಯರೇ ತಮ್ಮೊಳಗಿನಿಂದ ಆರಿಸುತ್ತಾರೆ. ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಅಂದರೆ ನಾವು ಪಿಡಿಒ ಎಂದು ಕರೆಯುವವರು, ಚುನಾಯಿತರಲ್ಲ, ಸರ್ಕಾರಿ ನೌಕರರು. ಸದಸ್ಯರು ನಿರ್ಧಾರ ಕೈಗೊಳ್ಳುತ್ತಾರೆ, ಪಿಡಿಒ ಅದನ್ನು ನಿಯಮದ ಪ್ರಕಾರ ಜಾರಿಗೆ ತರುತ್ತಾರೆ. ಈ ವ್ಯತ್ಯಾಸ ತಿಳಿಯದ ಕಾರಣ ನಮ್ಮ ಜನ ಸದಸ್ಯರ ಕೆಲಸಕ್ಕೆ ಪಿಡಿಒ ಅವರನ್ನೂ, ಪಿಡಿಒ ಕೆಲಸಕ್ಕೆ ಸದಸ್ಯರನ್ನೂ ಬೈಯುವುದನ್ನು ಕಾಣುತ್ತೇವೆ.

ಇಲ್ಲಿ ನಮ್ಮ ಓದುಗರಿಗೆ ಒಂದು ಸೂಚನೆ. ಧರ್ಮಕೇಂದ್ರದ ವಾಳೆಯನ್ನೂ ನಾವು ವಾರ್ಡು ಎಂದೇ ಕರೆಯುವುದರಿಂದ ಮಕ್ಕಳಿಗೆ ಗೊಂದಲವಾಗುತ್ತದೆ. "ನಿಮ್ಮ ವಾರ್ಡು ಯಾವುದು?" ಎಂದು ಕೇಳಿದರೆ ನಮ್ಮ ಮಕ್ಕಳು ವಾಳೆಯ ಹೆಸರು, ಗುರಿಕಾರರ ಹೆಸರು ಥಟ್ಟನೆ ಹೇಳುತ್ತಾರೆ. ಪಂಚಾಯತ್ ವಾರ್ಡಿನಲ್ಲಿ ಊರಿನ ಎಲ್ಲ ಜಾತಿ ಧರ್ಮದ ನೆರೆಹೊರೆಯವರು ಸೇರಿರುತ್ತಾರೆ. ಆ ವಾರ್ಡಿನ ಸದಸ್ಯರ ಹೆಸರನ್ನೂ ಅಷ್ಟೇ ಥಟ್ಟನೆ ಹೇಳಲು ಬಂದರೆ ಒಂದು ಪಾಠ ಮುಗಿದಂತೆ.

ಕುಡಿಯುವ ನೀರು, ಬೀದಿದೀಪ, ಚರಂಡಿ, ಕಸ ವಿಲೇವಾರಿ, ಊರಿನ ರಸ್ತೆ, ಮನೆ ತೆರಿಗೆ, ಕಟ್ಟಡ ಪರವಾನಗಿ ಮುಂತಾದವು ಗ್ರಾಮ ಪಂಚಾಯತ್‌ನ ದಿನನಿತ್ಯದ ಕೆಲಸಗಳು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತ್‌ಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಿದೆ. ಅದರಲ್ಲಿ ರಸ್ತೆ, ಮೋರಿ, ಸೇತುವೆಗಳೂ ಇವೆ. ಅಂದರೆ ಆ ಹುಡುಗಿಯ ಸಂಕ ಸಂವಿಧಾನದಲ್ಲೇ ಇದೆ!

ಹಣ ಎಲ್ಲಿಂದ ಬರುತ್ತದೆ? ನಾವು ಕಟ್ಟುವ ಮನೆ ತೆರಿಗೆ, ನೀರಿನ ಶುಲ್ಕ, ಪರವಾನಗಿ ಶುಲ್ಕ ಒಂದು ಭಾಗ. ರಾಜ್ಯ ಸರ್ಕಾರದ ಅನುದಾನ ಮತ್ತು ಕೇಂದ್ರ ಹಣಕಾಸು ಆಯೋಗದ ಅನುದಾನ ಇನ್ನೊಂದು ಭಾಗ. ಅನುದಾನದ ಹಣವನ್ನು ಬೇಕಾದಂತೆ ಖರ್ಚು ಮಾಡುವಂತಿಲ್ಲ, ಒಂದು ಪಾಲು ನೀರು ಮತ್ತು ನೈರ್ಮಲ್ಯಕ್ಕೆಂದೇ ನಿಗದಿಯಾಗಿ ಬರುವುದುಂಟು. ಆದ್ದರಿಂದ ಸ್ವಂತ ತೆರಿಗೆ ವಸೂಲಿ ಚೆನ್ನಾಗಿರುವ ಪಂಚಾಯತ್‌ಗೆ ಸ್ವಂತ ನಿರ್ಧಾರದ ಅವಕಾಶ ಹೆಚ್ಚು. ಮೂರು ವರ್ಷದ ಮನೆ ತೆರಿಗೆ ಬಾಕಿ ಇಟ್ಟು "ಪಂಚಾಯತಿನವರು ಏನೂ ಮಾಡುವುದಿಲ್ಲ" ಎನ್ನುವ ಮುನ್ನ ನಾವು ಸ್ವಲ್ಪ ಯೋಚಿಸಬೇಕು.

ಗ್ರಾಮಸಭೆ ಎಂಬ ದೊಡ್ಡ ಸಭೆ

ಸಂಸತ್ತಿನಲ್ಲಿ ನಮ್ಮ ಪರವಾಗಿ ಸಂಸದರು ಮಾತನಾಡುತ್ತಾರೆ, ವಿಧಾನಸಭೆಯಲ್ಲಿ ಶಾಸಕರು. ನಾವೇ ಹೋಗಿ ಕುಳಿತು ಮಾತನಾಡುವ ಸಭೆ ಇರುವುದು ಒಂದೇ, ಅದು ಗ್ರಾಮಸಭೆ. ಪಂಚಾಯತ್ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಅದರ ಸದಸ್ಯರು. ಯಾರೂ ನಮ್ಮನ್ನು ಆರಿಸಬೇಕಾಗಿಲ್ಲ, ಯಾರೂ ಆಮಂತ್ರಿಸಬೇಕಾಗಿಲ್ಲ.

ಮೊದಲು ವಾರ್ಡು ಸಭೆ, ಅನಂತರ ಗ್ರಾಮಸಭೆ. ಇವು ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ಗ್ರಾಮಸಭೆಗೆ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಬಂದವರಲ್ಲಿ ನೂರಕ್ಕೆ 30ರಷ್ಟು ಮಹಿಳೆಯರಿರಬೇಕು. ಊರಿಗೆ ಯಾವ ಕಾಮಗಾರಿ ಮೊದಲು ಬೇಕು, ಮನೆ ಯಾರಿಗೆ ಮಂಜೂರಾಗಬೇಕು, ಕಳೆದ ವರ್ಷದ ಲೆಕ್ಕವೇನು ಎಂಬುದೆಲ್ಲ ಇಲ್ಲಿ ಚರ್ಚೆಗೆ ಬರಬೇಕು. ಪಂಚಾಯತ್‌ನ ವಾರ್ಷಿಕ ಯೋಜನೆಗೂ ಇಲ್ಲಿಯ ಬೇಡಿಕೆಗಳೇ ಆಧಾರ. ಮೆಸ್ಕಾಂ, ಆರೋಗ್ಯ, ಶಿಕ್ಷಣ, ಕಂದಾಯ, ಅರಣ್ಯ ಇಲಾಖೆಯವರು ಬಂದು ತಮ್ಮ ಕೆಲಸದ ಮಾಹಿತಿ ನೀಡುವ ಕ್ರಮವಿದೆ.

ವಾಸ್ತವ ಹೇಗಿದೆ? ನಾವು ಕಂಡ ಒಂದು ಗ್ರಾಮಸಭೆಯಲ್ಲಿ ಹನ್ನೊಂದು ಗಂಟೆಗೆ ಮೂವತ್ತು ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು. ಸಹಿ ಪುಸ್ತಕ ಮನೆಯಿಂದ ಮನೆಗೆ ಹೋದ ಬಗ್ಗೆ ಪಿಸುಮಾತು ಕೇಳಿಬಂತು. ಅದೇ ದಿನ ಸಂಜೆ ಊರಿನ ಅಂಗಡಿ ಜಗಲಿಯಲ್ಲಿ ನೂರಾರು ಮಾತುಗಳು ಪಂಚಾಯತ್ ವಿರುದ್ಧ ಕೇಳಿಸಿದವು. ಜಗಲಿಯ ಮಾತಿಗೆ ನಡಾವಳಿ ಪುಸ್ತಕದಲ್ಲಿ ಜಾಗವಿಲ್ಲ. ಸಭೆಯಲ್ಲಿ ಎದ್ದು ನಿಂತು ಆಡಿದ ಒಂದು ಮಾತಿಗೆ ಇದೆ. ಇದನ್ನು ಮಕ್ಕಳಿಗಿಂತ ಮೊದಲು ದೊಡ್ಡವರಾದ ನಾವು ಕಲಿಯಬೇಕಾಗಿದೆ.

ಮಕ್ಕಳಿಗೂ ಒಂದು ಸಭೆ

ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ ಮಕ್ಕಳು ಗ್ರಾಮಸಭೆಯ ಸದಸ್ಯರಲ್ಲ. ಹಾಗಾದರೆ ಸಂಕ ದಾಟುವ ಮಗು ತನ್ನ ಕಷ್ಟವನ್ನು ಎಲ್ಲಿ ಹೇಳಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ನಮ್ಮ ಕರಾವಳಿಯೇ ಎಂಬುದು ಹೆಮ್ಮೆಯ ವಿಷಯ. 1990ರ ದಶಕದಲ್ಲಿ ಕುಂದಾಪುರ ತಾಲೂಕಿನ ಕೆಲವು ಗ್ರಾಮಗಳಲ್ಲಿ, ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರ ಬೆಂಬಲದಿಂದ ಮಕ್ಕಳ ಪಂಚಾಯತ್‌ಗಳು ರೂಪುಗೊಂಡವು. ಮಕ್ಕಳು ತಮ್ಮ ಪ್ರತಿನಿಧಿಗಳನ್ನು ಆರಿಸಿ, ತಾವೇ ಊರಿನ ಸಮೀಕ್ಷೆ ನಡೆಸಿ, ತಮ್ಮ ತೊಂದರೆಗಳನ್ನು ದೊಡ್ಡವರ ಪಂಚಾಯತ್ ಮುಂದೆ ಇಡುತ್ತಿದ್ದರು. 2006ರಿಂದ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯತ್‌ಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸೂಚಿಸಿತು. ಸಾಮಾನ್ಯವಾಗಿ ನವೆಂಬರ್ ತಿಂಗಳ ಮಕ್ಕಳ ದಿನಾಚರಣೆಯ ನಂತರದ ದಿನಗಳಲ್ಲಿ ಇವು ನಡೆಯುತ್ತವೆ.

ಆದರೆ ಅನೇಕ ಕಡೆ ಇದು ಒಂದು ಸಮಾರಂಭವಾಗಿ ಮುಗಿಯುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿಗಳ ಭಾಷಣ, ಇವಾದ ಮೇಲೆ ಉಳಿದ ಇಪ್ಪತ್ತು ನಿಮಿಷದಲ್ಲಿ ಶಿಕ್ಷಕರು ಬರೆದುಕೊಟ್ಟ ಚೀಟಿ ನೋಡಿ ಮಕ್ಕಳು ಪ್ರಶ್ನೆ ಓದುತ್ತಾರೆ. "ಪರಿಶೀಲಿಸಲಾಗುವುದು" ಎಂಬ ಉತ್ತರ ಬರುತ್ತದೆ. ತಿಂಡಿಯ ಪೊಟ್ಟಣ ಹಂಚಿದ ಮೇಲೆ ಸಭೆ ಮುಕ್ತಾಯ. ಮುಂದಿನ ವರ್ಷದ ಸಭೆಯಲ್ಲಿ ಹಿಂದಿನ ವರ್ಷದ ಪ್ರಶ್ನೆಗಳು ಏನಾದವು ಎಂದು ಓದಿ ಹೇಳುವ ಅನುಪಾಲನಾ ವರದಿ ಇಲ್ಲದಿದ್ದರೆ ಮಕ್ಕಳು ಕಲಿಯುವುದು ಪ್ರಜಾಪ್ರಭುತ್ವವನ್ನಲ್ಲ, ಕೇಳಿದರೂ ಏನೂ ಆಗುವುದಿಲ್ಲ ಎಂಬ ನಿರಾಶೆಯನ್ನು. ಹದಿಮೂರನೇ ವಯಸ್ಸಿನಲ್ಲಿ ಕಲಿತ ನಿರಾಶೆ ಮುಂದೆ ಮತದಾನದ ದಿನ ಮನೆಯಲ್ಲಿ ಮಲಗಿಸುತ್ತದೆ.

ಸಂಕದ ಅರ್ಜಿ ನಡೆದ ದಾರಿ

ಆ ಹುಡುಗಿಯ ಊರಿನಲ್ಲಿ ಏನಾಯಿತೆಂದು ಹೇಳುತ್ತೇವೆ. ಶಿಬಿರದ ಮರುದಿನ ಮಕ್ಕಳನ್ನು ಕರೆದುಕೊಂಡು ನಾವು ತೋಡಿನ ಬಳಿಗೆ ಹೋದೆವು. ತೋಡಿನ ಅಗಲ ಅಳೆದರು. ದಿನಕ್ಕೆ ಎಷ್ಟು ಮಕ್ಕಳು, ಎಷ್ಟು ವಯಸ್ಸಾದವರು ದಾಟುತ್ತಾರೆಂದು ಮನೆ ಮನೆಗೆ ಹೋಗಿ ಬರೆದುಕೊಂಡರು. ಸಂಕ ಮುಳುಗಿದಾಗ ಸುತ್ತು ಬಳಸಿ ಶಾಲೆಗೆ ಹೋಗಲು ಎಷ್ಟು ದೂರ ಎಂದು ಲೆಕ್ಕ ಹಾಕಿದರು. ಇದೆಲ್ಲವನ್ನೂ ಸೇರಿಸಿ ಒಂದು ಪುಟದ ಮನವಿಯನ್ನು ಅವರೇ ಬರೆದರು.

ಮಕ್ಕಳ ಗ್ರಾಮಸಭೆಯಲ್ಲಿ ಮನವಿ ಕೊಟ್ಟು ಸ್ವೀಕೃತಿ ಪಡೆದರು. ಸ್ವೀಕೃತಿ ಕೇಳಬೇಕೆಂಬುದೇ ಅವರಿಗೆ ಹೊಸ ವಿಷಯ. ಹೆತ್ತವರು ವಾರ್ಡು ಸಭೆಯಲ್ಲಿ ಅದನ್ನೇ ಬೇಡಿಕೆಯಾಗಿ ಇಟ್ಟು ನಡಾವಳಿಯಲ್ಲಿ ಬರೆಸಿದರು. ಕೆಲವು ತಿಂಗಳು ಉತ್ತರವಿರಲಿಲ್ಲ. ಆಗ ಒಬ್ಬ ಹುಡುಗನ ತಂದೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದರು. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಶುಲ್ಕ ಕೊಟ್ಟು ಯಾವ ನಾಗರಿಕನೂ ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಉತ್ತರ ಬಂತು. ತೋಡಿನ ಒಂದು ದಡ ಅರಣ್ಯ ಇಲಾಖೆಗೆ ಸೇರಿದ್ದರಿಂದ ಆ ಇಲಾಖೆಯ ಒಪ್ಪಿಗೆ ಬೇಕು, ಕಾಂಕ್ರೀಟ್ ಸೇತುವೆಯ ವೆಚ್ಚ ಪಂಚಾಯತ್‌ನ ಶಕ್ತಿಗೆ ಮೀರಿದ್ದರಿಂದ ಮೇಲಿನವರ ಅನುದಾನ ಬೇಕು ಎಂದು ಅದರಲ್ಲಿತ್ತು.

ಮಕ್ಕಳಿಗೆ ಇದು ಪುಸ್ತಕದಲ್ಲಿಲ್ಲದ ಪಾಠವಾಯಿತು. ಕಪ್ಪುಹಲಗೆಯ ಚೌಕಗಳು ಈಗ ಅವರಿಗೆ ಅರ್ಥವಾದವು. ಸಣ್ಣ ಕೆಲಸ ಗ್ರಾಮ ಪಂಚಾಯತ್‌ನದ್ದು, ಅದಕ್ಕೆ ಮೀರಿದ್ದು ತಾಲೂಕು ಮತ್ತು ಜಿಲ್ಲಾ ಪಂಚಾಯತ್‌ನದ್ದು, ಶಾಸಕರು ಮತ್ತು ಸಂಸದರಿಗೆ ಪ್ರದೇಶಾಭಿವೃದ್ಧಿ ನಿಧಿಯಿದೆ, ಶಾಲಾ ಮಕ್ಕಳ ದಾರಿಗೆಂದೇ 'ಶಾಲಾ ಸಂಪರ್ಕ ಸೇತು' ಹೆಸರಿನ ಯೋಜನೆಯನ್ನು ಸರ್ಕಾರ ಹಿಂದೆ ರೂಪಿಸಿದ್ದುಂಟು. ಮನವಿಯ ಪ್ರತಿಗಳು ಆಯಾ ಕಚೇರಿಗಳಿಗೆ ಹೋದವು. ನಾವು ಇದನ್ನು ಬರೆಯುವಾಗ ಸೇತುವೆ ಇನ್ನೂ ಆಗಿಲ್ಲ. ಆದರೆ ಪಂಚಾಯತ್ ತನ್ನ ಸ್ವಂತ ನಿಧಿಯಿಂದ ಸಂಕದ ಎರಡೂ ಬದಿಗೆ ಕಬ್ಬಿಣದ ಪೈಪಿನ ಕೈಹಿಡಿ ಹಾಕಿಸಿಕೊಟ್ಟಿದೆ. ಕಳೆದ ಮಳೆಗಾಲದಲ್ಲಿ ಮಕ್ಕಳು ಅದನ್ನು ಹಿಡಿದುಕೊಂಡು ದಾಟಿದರು.

ಚುನಾವಣೆಯೇ ನಡೆಯದಿದ್ದರೆ?

ಅರ್ಜಿ ಜಿಲ್ಲಾ ಪಂಚಾಯತ್‌ಗೆ ಹೋದಾಗ ಮಕ್ಕಳು ಇನ್ನೊಂದು ಪ್ರಶ್ನೆ ಕೇಳಿದರು: "ನಮ್ಮ ಜಿಲ್ಲಾ ಪಂಚಾಯತ್ ಸದಸ್ಯರು ಯಾರು?" ನಮ್ಮಲ್ಲಿ ಉತ್ತರವಿರಲಿಲ್ಲ. ಏಕೆಂದರೆ ಆಗ ಸದಸ್ಯರೇ ಇರಲಿಲ್ಲ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆ ಬಳಿಕ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂಬ ಕಾರಣಗಳಿಂದ ವರ್ಷಗಳ ಕಾಲ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ಕಾರ್ಯನಿರ್ವಹಿಸಿದರು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ.

ಅಧಿಕಾರಿಗಳು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಅನೇಕರು ಶ್ರದ್ಧೆಯಿಂದ ದುಡಿಯುವವರಿದ್ದಾರೆ. ಆದರೆ ಅವರು ಮತ ಕೇಳಲು ನಮ್ಮ ಮನೆ ಬಾಗಿಲಿಗೆ ಬರಬೇಕಾಗಿಲ್ಲ. ಮುಂದಿನ ಚುನಾವಣೆಯ ಭಯವಿರುವ ಸದಸ್ಯನಿಗೆ ಸಂಕದ ಮೇಲೆ ಒಮ್ಮೆಯಾದರೂ ನಡೆಯಲೇಬೇಕಾಗುತ್ತದೆ. ಚುನಾವಣೆಯ ಅರ್ಥ ಇದೇ. ಲೋಕಸಭೆಯ ಚುನಾವಣೆ ಇಷ್ಟು ವರ್ಷ ಮುಂದಕ್ಕೆ ಹೋಗಿದ್ದರೆ ದೇಶವೇ ಎದ್ದು ನಿಲ್ಲುತ್ತಿತ್ತು. ಜಿಲ್ಲೆಯ ಚುನಾವಣೆ ಮುಂದಕ್ಕೆ ಹೋದಾಗ ನಾವು ಗಮನಿಸಲೇ ಇಲ್ಲ. ಸ್ಥಳೀಯ ಸರ್ಕಾರವನ್ನು ನಾವೇ ಸಣ್ಣದೆಂದು ಭಾವಿಸಿದರೆ ಇತರರು ಅದನ್ನು ದೊಡ್ಡದಾಗಿ ಕಾಣುವುದಿಲ್ಲ.

ನಾವೇನು ಮಾಡಬಹುದು?

ಧರ್ಮಕೇಂದ್ರಗಳ ಕಾರ್ಯಕರ್ತರಿಗೆ ಮತ್ತು ಹೆತ್ತವರಿಗೆ ನಮ್ಮ ಕೆಲವು ಸಲಹೆಗಳಿವೆ.

ಮೊದಲನೆಯದಾಗಿ, ಮತದಾರರ ಪಟ್ಟಿ. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಎಂಬ ನಾಲ್ಕು ಅರ್ಹತಾ ದಿನಾಂಕಗಳು ಬಂದಿವೆ. 17 ವರ್ಷ ತುಂಬಿದವರು ಮುಂಗಡವಾಗಿಯೇ ನಮೂನೆ 6ರಲ್ಲಿ ಅರ್ಜಿ ಕೊಡಬಹುದು. ಪಿಯುಸಿ ಓದುತ್ತಿರುವ ಯುವಜನರ ಪಟ್ಟಿ ಮಾಡಿ, ಬೂತ್ ಮಟ್ಟದ ಅಧಿಕಾರಿಯನ್ನು ಸಂಪರ್ಕಿಸಿ ಒಂದೇ ದಿನ ಎಲ್ಲರ ಅರ್ಜಿ ಕೊಡಿಸುವುದು ಕಷ್ಟದ ಕೆಲಸವೇನಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಹೆಸರು ತವರಿನಲ್ಲೇ ಉಳಿದಿರುವುದನ್ನೂ ಗಮನಿಸಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರು ಗ್ರಾಮಸಭೆಯ ಸದಸ್ಯರೂ ಅಲ್ಲ.

ಎರಡನೆಯದಾಗಿ, ಗ್ರಾಮಸಭೆಯ ದಿನಾಂಕವನ್ನು ಸೂಚನಾ ಫಲಕದಲ್ಲಿ ಹಾಕಿ. ಸಂಘಗಳ ಸಭೆಗೆ ಹೋಗುವ ಮಹಿಳೆಯರು ಮೂರ್ನಾಲ್ಕು ಮಂದಿ ಜತೆಯಾಗಿ ಗ್ರಾಮಸಭೆಗೂ ಹೋಗಲಿ. ಒಬ್ಬರೇ ಎದ್ದು ಮಾತನಾಡಲು ಅಂಜುವವರು ಜತೆಯಿದ್ದರೆ ಮಾತನಾಡುತ್ತಾರೆ. ಅಲ್ಲಿ ನಮ್ಮ ಸಮುದಾಯದ ಬೇಡಿಕೆಯನ್ನಷ್ಟೇ ಅಲ್ಲ, ಊರಿನ ಬೇಡಿಕೆಯನ್ನು ಮಾತನಾಡಬೇಕು. ತೋಡಿನ ನೀರು ದಾಟುವವರ ಧರ್ಮ ಕೇಳುವುದಿಲ್ಲ.

ಮೂರನೆಯದಾಗಿ, ಮಕ್ಕಳ ಗ್ರಾಮಸಭೆಗೆ ಒಂದು ತಿಂಗಳು ಮೊದಲೇ ಮಕ್ಕಳನ್ನು ಸಿದ್ಧಪಡಿಸಿ. ಪ್ರಶ್ನೆ ಬರೆದುಕೊಡಬೇಡಿ. ಅವರನ್ನು ಊರಿನಲ್ಲಿ ನಡೆಸಿ, ಅಳೆಯಲು, ಎಣಿಸಲು, ಬರೆಯಲು ಬಿಡಿ. ಸಭೆಯ ನಂತರ ಸ್ವೀಕೃತಿಯನ್ನು ಕಡತದಲ್ಲಿಟ್ಟು, ಮುಂದಿನ ವರ್ಷ ಅದೇ ಮಕ್ಕಳು ಅನುಪಾಲನಾ ವರದಿ ಕೇಳುವಂತೆ ನೋಡಿಕೊಳ್ಳಿ.

ನಾಲ್ಕನೆಯದಾಗಿ, ಹಕ್ಕಿನ ಜತೆ ಕರ್ತವ್ಯವನ್ನೂ ಹೇಳಿಕೊಡಿ. ಸಂವಿಧಾನದ 51ಎ ವಿಧಿಯಲ್ಲಿ 11 ಮೂಲಭೂತ ಕರ್ತವ್ಯಗಳಿವೆ. ಸಾರ್ವಜನಿಕ ಆಸ್ತಿಯನ್ನು ಕಾಪಾಡುವುದು, ಕಾಡು, ಕೆರೆ, ನದಿಗಳನ್ನು ರಕ್ಷಿಸುವುದು, ಭೇದವಿಲ್ಲದೆ ಸೋದರಭಾವ ಬೆಳೆಸುವುದು ಅವುಗಳಲ್ಲಿ ಸೇರಿವೆ. ಸಂಕ ಬೇಕೆಂದು ಕೇಳುವ ನಾವು ಅದೇ ತೋಡಿಗೆ ಪ್ಲಾಸ್ಟಿಕ್ ಎಸೆಯಬಾರದು.

ಕೊನೆಯದಾಗಿ, ಆ ಹುಡುಗಿಯ ಬಗ್ಗೆ ಒಂದು ಮಾತು. ಕೈಹಿಡಿ ಹಾಕಿದ ನಂತರ ನಾವು ಮತ್ತೆ ಆ ಊರಿಗೆ ಹೋಗಿದ್ದೆವು. ಖುಷಿಯಾಯಿತೇ ಎಂದು ಕೇಳಿದೆವು. "ಸಂಕಕ್ಕೆ ಕೈಹಿಡಿ ಆಯಿತು ಸರ್, ಸೇತುವೆಯ ಅರ್ಜಿ ಬಾಕಿ ಇದೆ" ಎಂದಳು. ಸ್ವೀಕೃತಿಯ ಪ್ರತಿ ಅವಳ ಶಾಲೆಯ ಚೀಲದಲ್ಲೇ ಇತ್ತು. ಮತ ಹಾಕಲು ಅವಳಿಗೆ ಇನ್ನೂ ಕೆಲವು ವರ್ಷ ಇದೆ. ಆದರೆ ಊರಿನ ಒಬ್ಬ ಒಳ್ಳೆಯ ನಾಗರಿಕಳು ಯಾರೆಂದು ನಮ್ಮನ್ನು ಕೇಳಿದರೆ ಅವಳ ಹೆಸರನ್ನೇ ಹೇಳುತ್ತೇವೆ. ನಮ್ಮ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಅಂಥ ಮಕ್ಕಳು ಹೆಚ್ಚಲಿ, ಅವರ ಪ್ರಶ್ನೆಗೆ ಉತ್ತರ ಹುಡುಕುವ ತಾಳ್ಮೆ ದೊಡ್ಡವರಾದ ನಮಗೂ ಇರಲಿ ಎಂದು ಹಾರೈಸುತ್ತೇವೆ.